ಹಿಂದಿರುಗಿ ಬಾರದ ಪೊಟ್ಟಣ



ಇಂದು ನಾನು ಆರಿಸಿಕೊಂಡಿರುವ ವಿಷಯ ಊಟದ ವೇಳೆಗೆ ಹೊಂದುವಂಥದಲ್ಲ. ತಟ್ಟೆಯ ಮುಂದೆ ಕುಳಿತು ಬಾನುಲಿ ಕೇಳುವ ಅಭ್ಯಾಸವುಳ್ಳವರು ದಯವಿಟ್ಟು ಸ್ವಲ್ಪ ಸಹಿಸಿಕೊಳ್ಳಬೇಕು. ಈ ವಿಷಯವನ್ನು ನಾಲ್ಕು ಜನರ ಮುಂದೆ ಆಡಲು ನಮಗಿರುವ ಸಂಕೋಚವೇ ನನ್ನ ಮಾತಿನ ಅರ್ಧ ಭಾಗವಾಗಿರುವುದರಿಂದ, ಅದನ್ನು ಮರೆಸಿ ಮುಂದೆ ಹೋಗುವ ಉಪಾಯವೂ ನನಗೆ ತಿಳಿಯದು.

ನಮ್ಮ ಭಾಷೆಯನ್ನೇ ನೋಡಿ. ಮನುಷ್ಯನಾದವನು ದಿನವೂ ಮಾಡಲೇಬೇಕಾದ ಒಂದು ಕೆಲಸವನ್ನು ಅದರ ನೇರವಾದ ಹೆಸರಿನಿಂದ ಕರೆಯುವವರು ನಮ್ಮಲ್ಲಿ ವಿರಳ. ಹಳ್ಳಿಯವರು ‘ಬಯಲಕಡೆ’ ಎಂದರು. ಕೆರೆಯಿದ್ದ ಊರಿನವರು ‘ಕೆರೆಯ ಕಡೆ’ ಎಂದರು. ಪಂಡಿತರು ‘ಬಹಿರ್ದೆಸೆ’ ಎಂದರು. ಶಾಲೆಯ ಮಕ್ಕಳು ಎರಡು ಬೆರಳೆತ್ತಿ ತೋರಿಸಿ ಮಾತನ್ನೇ ಉಳಿಸಿದರು. ದಿಕ್ಕನ್ನು ಹೇಳಿದೆವು, ಸ್ಥಳವನ್ನು ಹೇಳಿದೆವು, ಸಂಖ್ಯೆಯನ್ನೂ ಹೇಳಿದೆವು. ವಸ್ತುವನ್ನು ಮಾತ್ರ ಹೇಳಲಿಲ್ಲ. ಇದು ನಮ್ಮ ಸಭ್ಯತೆ. ಇದನ್ನು ನಾನು ದೋಷವೆಂದು ಎಣಿಸುವವನಲ್ಲ. ಆದರೆ ವೈದ್ಯರು ಕೈಗೊಂದು ಪುಟ್ಟ ಡಬ್ಬಿಯನ್ನು ಕೊಟ್ಟು, ‘ನಾಳೆ ಬೆಳಿಗ್ಗೆ ಇದರಲ್ಲಿ ಮಲದ ಮಾದರಿ ತನ್ನಿ’ ಎಂದಾಗ ಈ ಸಭ್ಯತೆ ದಾರಿಗೆ ಅಡ್ಡವಾಗಿ ನಿಲ್ಲುತ್ತದೆ.

ನಾನು ವೈದ್ಯನಲ್ಲ. ಸೂಕ್ಷ್ಮದರ್ಶಕದ ಮುಂದೆ ಮೂವತ್ತು ವರ್ಷ ಕುಳಿತು, ನಿವೃತ್ತನಾಗಿ, ಬೆಂಗಳೂರಿನ ಪೂರ್ವಕ್ಕಿರುವ ರಾಮಮೂರ್ತಿ ನಗರದಲ್ಲಿ ನೆಲೆ ನಿಂತ ಪ್ರಯೋಗಾಲಯದ ಮನುಷ್ಯ. ರೋಗಿಗಳ ಮುಖಕ್ಕಿಂತ ಅವರ ಡಬ್ಬಿಗಳನ್ನು ಹೆಚ್ಚಾಗಿ ಕಂಡವನು. ನಮ್ಮ ದಾಖಲೆ ಪುಸ್ತಕದಲ್ಲಿ ‘ಮಾದರಿ ಬಂದಿಲ್ಲ’ ಎಂದು ಬರೆಯುವ ಒಂದು ಅಂಕಣವಿತ್ತು. ರಕ್ತದ ಸಾಲಿನಲ್ಲಿ ಆ ಅಂಕಣ ಖಾಲಿಯಾಗಿಯೇ ಇರುತ್ತಿತ್ತು, ಏಕೆಂದರೆ ರಕ್ತವನ್ನು ನಾವೇ ಅಲ್ಲೇ ತೆಗೆಯುತ್ತಿದ್ದೆವು. ಮೂತ್ರವೂ ಬಹುಪಾಲು ಬಂದುಬಿಡುತ್ತಿತ್ತು. ಮನೆಗೆ ಹೋಗಿ ಮರಳಿ ಬರಬೇಕಾದ ಮಲದ ಡಬ್ಬಿ ಮಾತ್ರ ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಕೊಟ್ಟ ಡಬ್ಬಿಗಳೆಲ್ಲ ಎಲ್ಲಿ ಹೋಗುತ್ತವೆ ಎಂದು ನಾವು ನಗೆಯಾಡುತ್ತಿದ್ದೆವು. ಅದು ನಗೆಯ ವಿಷಯವಲ್ಲವೆಂಬುದನ್ನು ಈಗ ಜಗತ್ತಿನ ಹಲವು ದೇಶಗಳು ಗಂಭೀರವಾಗಿ ಚಿಂತಿಸುತ್ತಿವೆ.

ಕಾರಣವಾದ ರೋಗ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್. ೨೦೨೨ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು ೧೯ ಲಕ್ಷ ಜನರಿಗೆ ಈ ರೋಗ ಹೊಸದಾಗಿ ತಗುಲಿತು. ಸುಮಾರು ೯ ಲಕ್ಷ ಜನ ಅದರಿಂದ ತೀರಿಕೊಂಡರು. ನಮ್ಮ ದೇಶದಲ್ಲಿ ಪಾಶ್ಚಾತ್ಯ ದೇಶಗಳಷ್ಟು ಇದರ ಹಾವಳಿ ಇಲ್ಲವೆಂಬುದು ನಿಜ. ಆದರೂ ವರ್ಷಕ್ಕೆ ಅರವತ್ತು ಸಾವಿರಕ್ಕೂ ಮಿಕ್ಕ ಭಾರತೀಯರು ಇದಕ್ಕೆ ಗುರಿಯಾಗುತ್ತಾರೆ. ಅವರಲ್ಲಿ ಬಹಳ ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಈ ರೋಗದಲ್ಲಿ ದುಃಖದ ಸಂಗತಿಯೊಂದಿದೆ. ಭರವಸೆಯ ಸಂಗತಿಯೂ ಅದೇ. ಇದು ಒಂದೇ ರಾತ್ರಿಯಲ್ಲಿ ಬರುವ ರೋಗವಲ್ಲ. ಕರುಳಿನ ಒಳಗೋಡೆಯಲ್ಲಿ ಮೊದಲು ಪಾಲಿಪ್ ಎಂಬ ಪುಟ್ಟ ಗಂಟಿನಂಥ ಬೆಳವಣಿಗೆ ಮೂಡುತ್ತದೆ. ಅಂಥವುಗಳಲ್ಲಿ ಎಲ್ಲೋ ಕೆಲವು ಮಾತ್ರ, ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ತೆಗೆದುಕೊಂಡು, ಕ್ಯಾನ್ಸರ್ ಆಗಿ ಮಾರ್ಪಡುತ್ತವೆ. ಆ ಹತ್ತು ವರ್ಷಗಳಲ್ಲಿ ನೋವಿಲ್ಲ, ಜ್ವರವಿಲ್ಲ, ಹಸಿವು ಕೆಡುವುದಿಲ್ಲ. ಅಲ್ಲೊಂದು ಇಲ್ಲೊಂದು ತೊಟ್ಟು ರಕ್ತ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ, ಮಲದೊಡನೆ ಬೆರೆತು ಹೋಗುತ್ತಿರಬಹುದು, ಅಷ್ಟೆ. ಆ ಕಾಣದ ರಕ್ತವನ್ನು ಕಾಣುವಂತೆ ಮಾಡಿದರೆ, ಗಂಟನ್ನು ಗಂಟಾಗಿರುವಾಗಲೇ ತೆಗೆದುಹಾಕಬಹುದು.

ಈ ಯೋಚನೆಯನ್ನು ಮನೆಯ ಬಾಗಿಲಿಗೆ ತಂದವರಲ್ಲಿ ಅಮೆರಿಕದ ಓಹಿಯೋ ಪ್ರಾಂತದ ವೈದ್ಯ ಡೇವಿಡ್ ಗ್ರೀಗರ್ ಒಬ್ಬರು. ಗ್ವಾಯಾಕ್ ಎಂಬ ಮರದ ಅಂಟನ್ನು ಸವರಿದ ಕಾಗದದ ಮೇಲೆ ಮಲವನ್ನು ತೆಳ್ಳಗೆ ಹಚ್ಚಿ, ಅದಕ್ಕೊಂದು ದ್ರಾವಣದ ಹನಿ ಹಾಕಿದರೆ, ರಕ್ತವಿದ್ದಲ್ಲಿ ನೀಲಿ ಬಣ್ಣ ತಿರುಗುತ್ತದೆ. ಈ ಕಾಗದವನ್ನು ರೋಗಿಗಳೇ ಮನೆಯಲ್ಲಿ ಸಿದ್ಧಪಡಿಸಿ ತರಬಹುದೆಂದು ಅವರು ೧೯೬೭ರಲ್ಲಿ ಪ್ರಕಟಿಸಿದರು. ಮುಂದೆ ಮಿನ್ನೆಸೋಟಾ ಪ್ರಾಂತದಲ್ಲಿ ೪೬,೫೫೧ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ೧೯೯೩ರಲ್ಲಿ ಹೊರಬಂದಿತು. ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಒಳಗಾದವರ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಆಗುವ ಸಾವು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಒಂದು ಕಾಗದದ ಚೂರಿಗೆ ಇದು ಸಣ್ಣ ಸಾಧನೆಯಲ್ಲ.

ಹಳೆಯ ಕಾಗದದ ಪರೀಕ್ಷೆಗೆ ಪಥ್ಯವಿತ್ತು. ಮಾಂಸ ತಿನ್ನಬಾರದು, ಹಸಿ ಮೂಲಂಗಿ ತಿನ್ನಬಾರದು, ಮೂರು ದಿನದ ಮಾದರಿ ಬೇಕು. ಈಗ ಬಳಕೆಯಲ್ಲಿರುವ ಹೊಸ ಪರೀಕ್ಷೆ ಮನುಷ್ಯನ ರಕ್ತದ ಹಿಮೋಗ್ಲೋಬಿನ್ ಒಂದನ್ನೇ ಗುರುತಿಸುತ್ತದೆ. ಪಥ್ಯ ಬೇಡ, ಸಾಮಾನ್ಯವಾಗಿ ಒಂದೇ ಮಾದರಿ ಸಾಕು. ಪೊಟ್ಟಣದೊಳಗೆ ಬೆರಳುದ್ದದ ಒಂದು ಸೀಸೆ. ಅದರ ಮುಚ್ಚಳಕ್ಕೆ ಅಂಟಿಕೊಂಡಂತೆ ತುದಿಯಲ್ಲಿ ಗೀರುಗಳಿರುವ ಕಡ್ಡಿ. ಆ ಕಡ್ಡಿಯನ್ನು ಮಲದಲ್ಲಿ ಎರಡು ಮೂರು ಕಡೆ ಚುಚ್ಚಿ, ಸೀಸೆಯೊಳಗಿಟ್ಟು ತಿರುಗಿಸಿ ಮುಚ್ಚಿದರೆ ಕೆಲಸ ಮುಗಿಯಿತು. ಹೊರಗೇನೂ ಕಾಣಿಸುವುದಿಲ್ಲ, ವಾಸನೆಯೂ ಇಲ್ಲ. ಇಂಗ್ಲಿಷಿನವರು ಇದನ್ನು ಕಿಟ್ ಎನ್ನುತ್ತಾರೆ, ನಾನು ಪೊಟ್ಟಣವೆನ್ನುತ್ತೇನೆ. ಪೊಟ್ಟಣ ಸರಳವಾದದ್ದರ ಫಲ ಸ್ಕಾಟ್ಲೆಂಡಿನಲ್ಲಿ ಎದ್ದು ಕಂಡಿತು. ೨೦೧೭ರ ನವೆಂಬರಿನಲ್ಲಿ ಅಲ್ಲಿ ಹಳೆಯ ಪರೀಕ್ಷೆಯ ಬದಲಿಗೆ ಹೊಸದನ್ನು ಕಳುಹಿಸತೊಡಗಿದರು; ನೂರಕ್ಕೆ ಸುಮಾರು ೫೬ ಮಂದಿ ಹಿಂದಿರುಗಿಸುತ್ತಿದ್ದದ್ದು ೬೪ರ ಆಸುಪಾಸಿಗೆ ಏರಿತು.

ಆದರೆ ಸರಳತೆಯೊಂದರಿಂದಲೇ ಪೊಟ್ಟಣ ಮರಳುವುದಿಲ್ಲ. ಇದಕ್ಕೆ ಅಮೆರಿಕದ ಬಡವರ ಸಮುದಾಯ ಕ್ಲಿನಿಕ್‌ಗಳ ಎರಡು ಅನುಭವಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾಗಳ ೨೬ ಕ್ಲಿನಿಕ್‌ಗಳಲ್ಲಿ ನಡೆದ, ೨೦೧೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಕ್ಲಿನಿಕ್‌ಗಳು ರೋಗಿಗಳ ಮನೆಗೆ ಅಂಚೆಯಲ್ಲಿ ಪೊಟ್ಟಣ ಕಳುಹಿಸುವ ಏರ್ಪಾಟು ಮಾಡಿಕೊಂಡವು. ಅಲ್ಲಿ ಪರೀಕ್ಷೆ ಪೂರೈಸಿದವರು ನೂರಕ್ಕೆ ೧೩.೯, ಉಳಿದ ಕ್ಲಿನಿಕ್‌ಗಳಲ್ಲಿ ೧೦.೪. ವ್ಯತ್ಯಾಸ ಇಷ್ಟೇ. ಏರ್ಪಾಟನ್ನು ಎಲ್ಲ ಕ್ಲಿನಿಕ್‌ಗಳೂ ಒಂದೇ ಸಮನಾಗಿ ನಡೆಸಿಕೊಂಡು ಹೋಗಲಾಗಲಿಲ್ಲವೆಂಬುದೂ ತಿಳಿದುಬಂದಿತು. ಇನ್ನೊಂದು ಚಿಕಾಗೋ ನಗರದ್ದು, ೨೦೧೪ರಲ್ಲಿ ಪ್ರಕಟವಾದದ್ದು. ಹಿಂದೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಮತ್ತೆ ಮಾಡಿಸಿಕೊಳ್ಳಬೇಕಾಗಿದ್ದ ೪೫೦ ಮಂದಿಯನ್ನು ಅಲ್ಲಿ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಎಂದಿನ ಉಪಚಾರ. ಮತ್ತೊಂದು ಪಾಲಿನವರಿಗೆ ಕಾಗದ, ಪೊಟ್ಟಣ, ಹೆಚ್ಚು ಓದು ಬಾರದವರಿಗೂ ತಿಳಿಯುವ ಸೂಚನೆ, ಅಂಚೆವೆಚ್ಚ ತೆತ್ತ ಲಕೋಟೆ. ಬಾರದಿದ್ದರೆ ದೂರವಾಣಿಯ ಮೂಲಕ ನೆನಪು. ಮೂರು ತಿಂಗಳಾದರೂ ಬಾರದಿದ್ದರೆ ಕ್ಲಿನಿಕ್ಕಿನ ವ್ಯಕ್ತಿಯೊಬ್ಬರಿಂದಲೇ ಕರೆ. ಎಂದಿನ ಉಪಚಾರ ಪಡೆದವರಲ್ಲಿ ನೂರಕ್ಕೆ ೩೭ ಮಂದಿ ಪರೀಕ್ಷೆ ಪೂರೈಸಿದರು. ಇವರಲ್ಲಿ ೮೨ ಮಂದಿ.

ಒಮ್ಮೆ ಪರೀಕ್ಷೆ ಮಾಡಿಸಿಕೊಂಡವರ ಸಂಕೋಚ ಸ್ವಲ್ಪ ಹರಿದಿರುತ್ತದೆಂಬುದನ್ನು ಒಪ್ಪಿಕೊಳ್ಳೋಣ. ಆದರೆ ಚಿಕಾಗೋದ ಎರಡು ಪಾಲಿನವರೂ ಅಂಥವರೇ ಆಗಿದ್ದರಷ್ಟೆ? ಅವರ ನಡುವಣ ಅಂತರದ ಹಿಂದೆ ನನಗೆ ಕಾಣುವ ಮುಖ್ಯ ಸಂಗತಿ ಇದು: ಆ ಪೊಟ್ಟಣಕ್ಕಾಗಿ ಯಾರೋ ಕಾದಿದ್ದರು, ಕಾದಿದ್ದಾರೆಂಬುದು ಪೊಟ್ಟಣವನ್ನು ಪಡೆದವನಿಗೆ ತಿಳಿದಿತ್ತು.

ಇಷ್ಟು ಹೊತ್ತು ಪರದೇಶದ ಕಥೆ ಹೇಳಿದೆ. ನಮ್ಮಲ್ಲಿ ಏನಿದೆಯೆಂದು ತಾವು ಕೇಳುವಿರಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಲ್ಲಿ ಆರಂಭವಾಗಿ, ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿತು. ನಮ್ಮ ನಗರದಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಬರುತ್ತಿದೆಯೆಂಬ ದಾಖಲೆ ೧೯೮೨ರಿಂದ ಇಡಲ್ಪಡುತ್ತಿದೆ. ೨೦೧೦ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಮುಂದೆ ವಿಸ್ತಾರಗೊಂಡು, ಮೂವತ್ತು ದಾಟಿದವರಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಯನ್ನು ಕೈಗೊಂಡಿದೆ. ದೊಡ್ಡಕರುಳು ಆ ಮೂರರಲ್ಲಿ ಸೇರಿಲ್ಲ. ನಮ್ಮ ದೇಶದಲ್ಲಿ ಆ ಮೂರರ ಹೊರೆಯೇ ಹೆಚ್ಚಾಗಿರುವಾಗ ಈ ಕ್ರಮ ತಪ್ಪೆಂದು ನಾನು ಹೇಳಲಾರೆ. ಹಾಗಾದರೆ ಇಂದೇ ಈ ಮಾತೇಕೆ? ಪೊಟ್ಟಣ ನಮ್ಮ ಕ್ಲಿನಿಕ್‌ಗಳಿಗೆ ಬರುವ ದಿನ ಬಂದಾಗ, ಅದನ್ನು ಕೊಡುವುದಷ್ಟೇ ತಮ್ಮ ಕೆಲಸವೆಂದು ಕ್ಲಿನಿಕ್‌ಗಳು ತಿಳಿಯಬಾರದು. ಆ ಪಾಠವನ್ನು ಅಮೆರಿಕದಿಂದಲೇ ಕಲಿಯಬೇಕೆಂದಿಲ್ಲ. ನಮ್ಮ ಊರಿನಲ್ಲೇ ಅದನ್ನು ಕಲಿತವರಿದ್ದರು.

ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ೧೯೫೯ರಲ್ಲಿ ಸ್ಥಾಪನೆಯಾಯಿತು. ಆ ಕಾಲದಲ್ಲಿ ಒಂದು ನಂಬಿಕೆ ಬಲವಾಗಿತ್ತು. ನಮ್ಮ ಹಳ್ಳಿಗರು ಅಜ್ಞಾನಿಗಳು, ಕ್ಷಯದ ಲಕ್ಷಣ ಅವರಿಗೆ ತಿಳಿಯದು, ಅವರನ್ನು ಹುಡುಕಿಕೊಂಡು ಎಕ್ಸ್-ರೇ ವಾಹನ ಹೋಗಬೇಕು ಎಂಬುದೇ ಆ ನಂಬಿಕೆ. ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಪಟ್ಟಣಗಳಲ್ಲಿ ರೋಗಿಗಳನ್ನೇ ಕೇಳಿ ನೋಡಿದರು. ೧೯೬೩ರಲ್ಲಿ ಪ್ರಕಟವಾದ ಅವರ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಮಟ್ಟಿಗೆ ಎಲ್ಲರಿಗೂ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಗಾಗಿ ತಾವಾಗಿಯೇ ಹೋಗಿಯೂ ಇದ್ದರು. ಹೋದವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಜನ ಬಂದಿದ್ದರು, ಬಂದವರ ಕಫವನ್ನು ನೋಡುವವರಿರಲಿಲ್ಲ. ೧೯೬೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆಯನ್ನು ನೆಲೆಗೊಳಿಸಲು ಹೊರಟದ್ದಕ್ಕೆ ಇಂಥ ತಿಳಿವಳಿಕೆಯೇ ಆಧಾರವಾಯಿತು.

ಕಫದ ಡಬ್ಬಿಯದೂ ಮನೆಗೆ ಹೋಗಿ ಬರುವ ಕಥೆಯೇ. ಮೊದಲ ದಿನ ಆಸ್ಪತ್ರೆಯಲ್ಲೊಂದು ಮಾದರಿ ಕೊಟ್ಟು, ಮುಂಜಾನೆಯ ಕಫಕ್ಕೆಂದು ಡಬ್ಬಿಯನ್ನು ಮನೆಗೆ ಒಯ್ದವರಲ್ಲಿ ಕೆಲವರು ಮರಳುತ್ತಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಕಾಸು ತೆತ್ತು ಎರಡನೆಯ ಸಲ ಬರುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಇದನ್ನು ಮನಗಂಡೇ ವಿಶ್ವ ಆರೋಗ್ಯ ಸಂಸ್ಥೆ ೨೦೧೧ರಲ್ಲಿ, ಪರೀಕ್ಷೆಯ ಗುಣಮಟ್ಟ ಉತ್ತಮವಾಗಿರುವಲ್ಲಿ ಒಂದೇ ದಿನ ಎರಡೂ ಮಾದರಿ ತೆಗೆದು ರೋಗ ನಿರ್ಣಯ ಮಾಡಬಹುದೆಂದಿತು. ೨೦೧೮ರಲ್ಲಿ ದೆಹಲಿಯಲ್ಲಿ ಕಫದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಸಾಗಿಸುವ ಕೆಲಸವನ್ನು ಅಂಚೆ ಇಲಾಖೆಗೇ ವಹಿಸಿ ನೋಡಿದರು. ಎರಡೂ ಉಪಾಯಗಳಲ್ಲಿ ನಡಿಗೆಯ ಹೊರೆ ರೋಗಿಯ ಕಾಲಿನಿಂದ ವ್ಯವಸ್ಥೆಯ ಕಾಲಿಗೆ ವರ್ಗವಾಯಿತು.

ಈಗ ಈ ಪಾಠವನ್ನು ಹಿಡಿದುಕೊಂಡು ನನ್ನೊಡನೆ ರಾಮಮೂರ್ತಿ ನಗರಕ್ಕೆ ಬನ್ನಿ. ಟಿನ್ ಫ್ಯಾಕ್ಟರಿಯ ಕಡೆಯಿಂದ ಕಲ್ಕೆರೆಯ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಹರಡಿಕೊಂಡಿರುವ ಬಡಾವಣೆ ಇದು. ಸಮೀಪದ ದೂರವಾಣಿನಗರದಲ್ಲಿ ೧೯೪೮ರಲ್ಲಿ ದೂರವಾಣಿ ಕಾರ್ಖಾನೆ ಆರಂಭವಾದಂದಿನಿಂದ ಕೆಲಸಕ್ಕೆ ಬಂದು ಈ ಸುತ್ತಿನಲ್ಲೇ ಮನೆ ಮಾಡಿಕೊಂಡವರಿದ್ದಾರೆ. ಅವರ ಹಿಂದೆಯೇ ಕಟ್ಟಡ ಕೆಲಸದವರು, ಕಾವಲುಗಾರರು, ಕಂಪ್ಯೂಟರಿನ ಮಂದಿ ಬಂದರು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಕೇಳಿಸುತ್ತವೆ. ಮೂರು ಮಹಡಿಯ ಕಟ್ಟಡದ ಮಗ್ಗುಲಲ್ಲೇ ನಾಲ್ಕು ಸಂಸಾರಗಳಿಗೆ ಒಂದೇ ಪಾಯಖಾನೆಯಿರುವ ವಠಾರ. ಇಲ್ಲಿ ಒಂದು ಪೊಟ್ಟಣ ಒಂದು ಮನೆಗೆ ಹೋಯಿತೆಂದು ಭಾವಿಸೋಣ.

ಪೊಟ್ಟಣದೊಳಗಿನ ಸೂಚನೆಯ ಚಿತ್ರದಲ್ಲಿ ಕುರ್ಚಿಯಂಥ ಕಮೋಡು ಇರುತ್ತದೆ. ನಮ್ಮ ಮನೆಯಲ್ಲಿರುವುದು ಕುಕ್ಕುರುಗಾಲಿನಲ್ಲಿ ಕೂರುವ ಪಾಯಖಾನೆ. ಕೈಯಲ್ಲಿ ತುಂಬಿದ ಚೊಂಬು. ನೀರು ಬಿದ್ದರೆ ಮಾದರಿ ಕೆಡುತ್ತದೆ. ಹಳೆಯ ಪತ್ರಿಕೆಯ ಹಾಳೆಯೊಂದನ್ನು ಮೊದಲೇ ಹಾಸಿಕೊಂಡರಾಯಿತು, ನೀರು ಸುರಿಯುವ ಮುನ್ನ ಕಡ್ಡಿಯನ್ನು ಚುಚ್ಚಿಕೊಂಡರಾಯಿತು ಎಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ವಠಾರದಲ್ಲಾದರೆ ಬಾಗಿಲ ಹೊರಗೆ ಇನ್ನೊಬ್ಬರು ಬಕೆಟ್ಟು ಹಿಡಿದು ನಿಂತಿರುತ್ತಾರೆ. ಸಾವಧಾನವಾಗಿ ಸೂಚನೆ ಓದುತ್ತ ಕೂರುವ ಭಾಗ್ಯ ಅಲ್ಲಿಲ್ಲ.

ಮಾದರಿ ಸಿದ್ಧವಾಯಿತು. ಅದನ್ನು ತಂಪಾದ ಜಾಗದಲ್ಲಿಡಬೇಕು, ಏಕೆಂದರೆ ಸೆಕೆಗೆ ಹಿಮೋಗ್ಲೋಬಿನ್ ಕೆಟ್ಟು, ಇರುವ ರಕ್ತ ಇಲ್ಲದಂತೆ ತೋರುತ್ತದೆ. ಆಸ್ಟ್ರೇಲಿಯದವರು ಇದೇ ಕಾರಣಕ್ಕೆ ಬಿಸಿಲಿನ ಪ್ರದೇಶಗಳಿಗೆ ಬೇಸಗೆಯ ತಿಂಗಳುಗಳಲ್ಲಿ ಪೊಟ್ಟಣವನ್ನೇ ಕಳುಹಿಸುವುದಿಲ್ಲ. ನಮ್ಮ ಮನೆಗಳಲ್ಲಿ ತಂಪಾದ ಜಾಗವೆಂದರೆ ಫ್ರಿಜ್ಜು. ಅದರಲ್ಲಿ ದೇವರ ನೈವೇದ್ಯದ ಹಾಲಿದೆ, ನಾಳಿನ ದೋಸೆಯ ಹಿಟ್ಟಿದೆ. ಎಷ್ಟು ಪದರದ ಚೀಲದಲ್ಲಿ ಸುತ್ತಿಟ್ಟರೂ ಯಾವ ಗೃಹಿಣಿ ಅದನ್ನು ಒಳಗಿಡಲು ಒಪ್ಪುತ್ತಾಳೆ? ಒಪ್ಪಬೇಕೆಂದು ಉಪದೇಶಿಸುವುದು ವ್ಯರ್ಥ. ಇಡುವ ಪ್ರಮೇಯವೇ ಬಾರದಂತೆ, ಬೆಳಿಗ್ಗೆ ತೆಗೆದ ಮಾದರಿ ಬೆಳಿಗ್ಗೆಯೇ ಕ್ಲಿನಿಕ್ಕಿಗೆ ಸೇರುವ ವ್ಯವಸ್ಥೆ ಮಾಡುವುದು ಜಾಣತನ.

ಇವೆಲ್ಲವುಗಳಿಗಿಂತ ದೊಡ್ಡ ತೊಡಕು ನಮ್ಮ ಮಾತಿನಲ್ಲೇ ಇದೆ. ನಮ್ಮ ಬೀದಿಯ ಹಿರಿಯರೊಬ್ಬರು, ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಎರಡು ವರ್ಷ ರಕ್ತ ಕಂಡರೂ ಯಾರಿಗೂ ಹೇಳಲಿಲ್ಲ. ಮೊದಲು ‘ಉಷ್ಣ’ವೆಂದು ಎಳನೀರು, ಮಜ್ಜಿಗೆ, ನೆನೆಸಿದ ಮೆಂತ್ಯ ಸೇವಿಸಿದರು. ಬಳಿಕ ‘ಮೂಲವ್ಯಾಧಿ’ಯೆಂದು ಗೋಡೆಯ ಜಾಹೀರಾತು ನೋಡಿ ಔಷಧಿ ತಂದುಕೊಂಡರು. ಮೂಲವ್ಯಾಧಿ ನಮ್ಮಲ್ಲಿ ಸಾಮಾನ್ಯವಾದದ್ದರಿಂದ ಆ ಊಹೆಯನ್ನು ಮೂರ್ಖತನವೆನ್ನಲಾಗದು. ಕೊನೆಗೆ ಮೈ ಇಳಿದು, ಮಗ ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದಾಗ ರೋಗ ಯಕೃತ್ತಿಗೆ ಹಬ್ಬಿತ್ತು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ನಮ್ಮ ಮನೆಗೆ ಬಂದಿದ್ದಾಗ ಹೀಗೆಂದರು: ‘ನಲವತ್ತೊಂದು ವರ್ಷ ಅವರಿಗೆ ಬಡಿಸಿದೆನಪ್ಪಾ. ಉಪ್ಪು ಒಂದು ಕಾಳು ಹೆಚ್ಚಾದರೆ ಹೇಳುತ್ತಿದ್ದರು. ಇದೊಂದನ್ನು ಹೇಳಲಿಲ್ಲ.’

ಆ ಹಿರಿಯರು ವಿದ್ಯಾವಂತರು, ದಿನಪತ್ರಿಕೆಯನ್ನು ಸಾಲು ಬಿಡದೆ ಓದುತ್ತಿದ್ದವರು. ಅವರಿಗೆ ಕೊರತೆಯಾದದ್ದು ತಿಳಿವಳಿಕೆಯಲ್ಲ. ಸಂಕೋಚವಿಲ್ಲದೆ ಈ ಮಾತನ್ನು ಮೊದಲು ತೆಗೆಯುವ ಒಬ್ಬ ಮನುಷ್ಯ. ಪೊಟ್ಟಣದ ತಪಾಸಣೆಯ ಒಂದು ದೊಡ್ಡ ಗುಣವನ್ನು ನಾನು ಇಲ್ಲಿ ಕಾಣುತ್ತೇನೆ. ಐವತ್ತು ದಾಟಿದ ಎಲ್ಲರಿಗೂ, ಲಕ್ಷಣವಿರಲಿ ಇಲ್ಲದಿರಲಿ, ಕ್ಲಿನಿಕ್ಕಿನವರೇ ಈ ಪ್ರಶ್ನೆ ಕೇಳುವ ಪದ್ಧತಿಯಿದ್ದರೆ, ಕೇಳಿಸಿಕೊಂಡವನಿಗೆ ಅವಮಾನವಿಲ್ಲ. ಎಲ್ಲರನ್ನೂ ಕೇಳಿದ ಪ್ರಶ್ನೆಯಲ್ಲವೇ?

ಹಾಗಾದರೆ ಇಂಥ ಬಡಾವಣೆಯ ಕ್ಲಿನಿಕ್ಕು ಏನು ಮಾಡಬಹುದು? ರಾಜ್ಯ ಸರ್ಕಾರ ೨೦೨೨ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ಗಳನ್ನು ತೆರೆಯತೊಡಗಿದ್ದು, ನಗರದ ಬಡವರಿಗೆ ನಡೆದು ಹೋಗುವಷ್ಟು ದೂರದಲ್ಲೇ ವೈದ್ಯ, ದಾದಿ, ಪ್ರಯೋಗಾಲಯದ ತಂತ್ರಜ್ಞ ಸಿಗಲೆಂದು. ಪಾಶ್ಚಾತ್ಯರಿಗೆ ಇಲ್ಲದ ಅನುಕೂಲವೊಂದು ನಮಗೆ ಇದರಲ್ಲಿದೆ. ಅವರ ಪೊಟ್ಟಣ ಅಂಚೆಯ ದಾರಿ ಹಿಡಿದು ನೂರಾರು ಮೈಲಿ ಹೋಗಬೇಕು. ನಮ್ಮದು ಎರಡು ಬೀದಿ ದಾಟಿದರೆ ಸಾಕು.

ಪ್ರಯೋಗಾಲಯದವನಾಗಿ ನನಗೆ ಹೊಳೆಯುವ ಕ್ರಮ ಇಷ್ಟು. ಪೊಟ್ಟಣವನ್ನು ಕೊಡುವಾಗ ಖಾಲಿ ಸೀಸೆಯೊಂದನ್ನು ತೆರೆದು, ಕಡ್ಡಿ ಹೇಗೆ ಹೊರಬರುತ್ತದೆ, ಹೇಗೆ ಒಳಹೋಗುತ್ತದೆಯೆಂದು ರೋಗಿಯ ಕೈಯಲ್ಲೇ ಒಮ್ಮೆ ಮಾಡಿಸಬೇಕು. ಎರಡು ನಿಮಿಷದ ಕೆಲಸ. ಸೂಚನೆಯ ಚಿತ್ರದಲ್ಲಿ ನಮ್ಮ ಪಾಯಖಾನೆ, ನಮ್ಮ ಚೊಂಬು, ಹಾಸಿದ ಪತ್ರಿಕೆ ಇರಬೇಕು. ಅಕ್ಷರ ಕಡಿಮೆಯಿದ್ದಷ್ಟೂ ಭಾಷೆಯ ಜಗಳ ಕಡಿಮೆ. ರೋಗಿಯ ಹೆಸರು ಮತ್ತು ಸಂಖ್ಯೆಯನ್ನು ಕ್ಲಿನಿಕ್ಕಿನವರೇ ಸೀಸೆಯ ಮೇಲೆ ಬರೆದಿಡಬೇಕು. ಹೆಸರಿಲ್ಲದೆ, ತಾರೀಖಿಲ್ಲದೆ ಬಂದ ಸೀಸೆಯನ್ನು ಪ್ರಯೋಗಾಲಯ ಪರೀಕ್ಷಿಸಲಾರದು. ಅಷ್ಟು ಸಂಕೋಚ ಗೆದ್ದು ತಂದವನ ಶ್ರಮವನ್ನು ಒಂದು ತಾರೀಖಿಗಾಗಿ ಚೆಲ್ಲುವುದು ಅನ್ಯಾಯ. ತರುವ ಚೀಲ ಒಳಗಿನದು ಕಾಣದಂಥದಾಗಿರಬೇಕು. ಕ್ಲಿನಿಕ್ಕಿನ ಹೊರಗೆ ಬೀಗ ಹಾಕಿದ ಪೆಟ್ಟಿಗೆಯೊಂದಿದ್ದರೆ, ಏಳು ಗಂಟೆಗೆ ಕೆಲಸಕ್ಕೆ ಹೋಗುವವನು ಯಾರ ಮುಖವನ್ನೂ ನೋಡದೆ ಹಾಕಿ ಹೋಗಬಹುದು. ಬಿಸಿಲೇರುವ ಮೊದಲೇ ಅದನ್ನು ತೆರೆದು ಸೀಸೆಗಳನ್ನು ತಂಪಿನಲ್ಲಿಡುವ ಹೊಣೆ ಕ್ಲಿನಿಕ್ಕಿನದು.

ಎಲ್ಲಕ್ಕಿಂತ ಮುಖ್ಯವಾದದ್ದು ದಾಖಲೆ ಪುಸ್ತಕ. ಕೊಟ್ಟ ದಿನದ ಪಕ್ಕದಲ್ಲೇ ‘ಇಂಥ ದಿನ ತರುತ್ತೇನೆ’ ಎಂದು ರೋಗಿಯೇ ಹೇಳಿದ ದಿನವನ್ನೂ ಬರೆದುಕೊಳ್ಳಬೇಕು. ಆ ದಿನ ಬಾರದಿದ್ದರೆ ಒಂದು ದೂರವಾಣಿ ಕರೆ. ವಾರವಾದರೂ ಬಾರದಿದ್ದರೆ ಆಶಾ ಕಾರ್ಯಕರ್ತೆ ಆ ಬೀದಿಗೆ ಹೋದಾಗ ಒಂದು ಮಾತು. ಗದರಿಕೆ ಬೇಡ. ‘ಅಮ್ಮಾ, ನಿಮ್ಮ ಡಬ್ಬಿಗೆ ಕಾಯುತ್ತಿದ್ದೇವೆ’ ಎಂದರೆ ಸಾಕು. ಆದರೆ ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಈಗಾಗಲೇ ಹೊರೆ ಬಹಳವಿದೆ. ಈ ಹೊಸ ಕೆಲಸಕ್ಕೆ ತಕ್ಕ ಸಂಭಾವನೆಯಿಲ್ಲದೆ ಅದನ್ನೂ ಅವರ ಮೇಲೆ ಹೇರಿದರೆ, ಆರೆಗಾನಿನ ಕ್ಲಿನಿಕ್‌ಗಳಂತೆ ನಮ್ಮಲ್ಲೂ ಏರ್ಪಾಟು ಕಾಗದದ ಮೇಲೇ ಉಳಿದೀತು.

ಇದು ಕನಸಿನ ಮಾತಲ್ಲವೆಂಬುದಕ್ಕೆ ಏಷ್ಯಾದ ನಿದರ್ಶನವೇ ಇದೆ. ಥಾಯ್ಲೆಂಡಿನ ಲಂಪಾಂಗ್ ಪ್ರಾಂತದಲ್ಲಿ ೨೦೧೧–೧೨ರಲ್ಲಿ ಊರಿನ ಆರೋಗ್ಯ ಕೇಂದ್ರಗಳ ಮೂಲಕ, ಸ್ಥಳೀಯ ಕಾರ್ಯಕರ್ತರ ನೆರವಿನಿಂದ ಪೊಟ್ಟಣಗಳನ್ನು ಹಂಚಿದರು. ಗುರಿಯಾಗಿದ್ದ ೧,೨೭,೩೦೧ ಮಂದಿಯಲ್ಲಿ ನೂರಕ್ಕೆ ಸುಮಾರು ೬೩ ಜನ ಪರೀಕ್ಷೆ ಪೂರೈಸಿದರು. ಗಂಡಸರಿಗಿಂತ ಹೆಂಗಸರು ಮುಂದಿದ್ದರು. ರಕ್ತ ಕಂಡುಬಂದದ್ದು ನೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ. ಅವರಿಗೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿ, ಎಂದರೆ ತುದಿಯಲ್ಲಿ ಕಣ್ಣಿರುವ ಬಾಗುವ ನಳಿಗೆಯಿಂದ ಕರುಳಿನ ಒಳಗನ್ನು ನೋಡುವುದು. ಅಲ್ಲಿಯವರೆಗೆ ಹೋದವರು ನೂರಕ್ಕೆ ೭೨.

ಈ ಕೊನೆಯ ಅಂಕಿಯೇ ನನ್ನನ್ನು ಎಚ್ಚರಿಸುತ್ತದೆ. ಪೊಟ್ಟಣ ಮರಳಿ ಬಂದು, ಅದರಲ್ಲಿ ರಕ್ತ ಕಂಡು, ಆ ಮನುಷ್ಯ ಮುಂದಕ್ಕೆ ಹೋಗದಿದ್ದರೆ ಪೊಟ್ಟಣದಿಂದ ಆದ ಉಪಕಾರವೇನು? ಒಂದು ಭಯವನ್ನು ಮನೆಗೆ ಕಳುಹಿಸಿದಂತಾಯಿತು, ಅಷ್ಟೆ. ರಕ್ತ ಕಂಡವರಲ್ಲಿ ಬಹುಮಂದಿಗೆ ಕ್ಯಾನ್ಸರ್ ಇರುವುದಿಲ್ಲವೆಂಬುದನ್ನು ಮೊದಲೇ ತಿಳಿಹೇಳಬೇಕು; ಮುಂದಿನ ಪರೀಕ್ಷೆಗೆ ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ವೆಚ್ಚ, ಜೊತೆಗೆ ಯಾರು ಎಂಬುದೂ ತೀರ್ಮಾನವಾಗಿರಬೇಕು. ಕೊಲೊನೋಸ್ಕೋಪಿಗೆ ಬಡವನಿಗೊಂದು ಸರದಿ ಸಿಗುವ ಏರ್ಪಾಟಿಲ್ಲದೆ ಪೊಟ್ಟಣ ಹಂಚಲು ಹೊರಡುವುದು ಸಲ್ಲದು. ಆದ್ದರಿಂದಲೇ ಇದನ್ನು ಇಡೀ ರಾಜ್ಯಕ್ಕೆ ಒಮ್ಮೆಗೇ ಹರಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ಬಡಾವಣೆ, ಒಂದು ಕ್ಲಿನಿಕ್ಕು, ಅದರ ಬೆನ್ನಿಗೆ ಒಂದು ದೊಡ್ಡ ಆಸ್ಪತ್ರೆ: ಇಷ್ಟರಿಂದ ಮೊದಲಾಗಲಿ. ಕೊಟ್ಟ ಪೊಟ್ಟಣಗಳ ಲೆಕ್ಕವನ್ನು ಸಾಧನೆಯೆಂದು ಪ್ರಕಟಿಸದೆ, ಮರಳಿದವುಗಳ ಲೆಕ್ಕವನ್ನೂ, ರಕ್ತ ಕಂಡವರಲ್ಲಿ ಮುಂದಿನ ಪರೀಕ್ಷೆಗೆ ಹೋಗಿ ಬಂದವರ ಲೆಕ್ಕವನ್ನೂ ಪ್ರಕಟಿಸಲಿ.

ಕೊನೆಯದಾಗಿ, ಕೇಳುಗರಲ್ಲಿ ಒಂದು ವಿನಂತಿ. ಈ ಪೊಟ್ಟಣ ಲಕ್ಷಣಗಳೇನೂ ಇಲ್ಲದವರಿಗಾಗಿ ಹುಟ್ಟಿದ್ದು. ಮಲದಲ್ಲಿ ರಕ್ತ ಕಣ್ಣಿಗೇ ಕಂಡರೆ, ಹೊಟ್ಟೆಯ ಅಭ್ಯಾಸ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆಯೆಂದು ವೈದ್ಯರು ಹೇಳಿದರೆ, ವಯಸ್ಸು ಮೂವತ್ತಾಗಲಿ ಎಪ್ಪತ್ತಾಗಲಿ, ಯಾವ ಪೊಟ್ಟಣಕ್ಕೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಉಷ್ಣವೋ ಮೂಲವ್ಯಾಧಿಯೋ ಎಂಬುದನ್ನು ಅವರು ನೋಡಿ ಹೇಳಲಿ. ಮನೆಯ ಹಿರಿಯರು ತಾವಾಗಿ ಈ ಮಾತನ್ನು ತೆಗೆಯಲಾರರು. ಮಕ್ಕಳು, ಸೊಸೆಯಂದಿರು, ಅಳಿಯಂದಿರು ಯಾರಾದರೊಬ್ಬರು, ಒಂದು ಸಂಜೆ ಪಕ್ಕದಲ್ಲಿ ಕುಳಿತು, ‘ಹೊಟ್ಟೆ ಸರಿಯಾಗಿದೆಯೇ, ರಕ್ತಗಿಕ್ತ ಏನಾದರೂ ಕಂಡಿದೆಯೇ?’ ಎಂದು ಕೇಳಬೇಕು. ಉತ್ತರ ಅಂದೇ ಬಾರದಿರಬಹುದು. ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿ.